ನಾಯಿಗೆ ಸೈಕಲ್ ಪಕ್ಕದಲ್ಲಿ ಓಡುವುದನ್ನು ಕಲಿಸುವುದು ಹೇಗೆ?

ನಿಮ್ಮ ಲ್ಯಾಬ್ರಡಾರ್‌ಗೆ 14 ತಿಂಗಳು, ಎಷ್ಟು ನಡೆಸಿದರೂ ದಣಿಯುವುದಿಲ್ಲ, ಸೈಕಲ್ ಪಕ್ಕ ಓಡಿಸೋಣ ಅಂತ ಹೊರಟರೆ ಮುಂದಿನ ಚಕ್ರಕ್ಕೇ ಅಡ್ಡ ಬರುತ್ತದೆ, ಏನು ಮಾಡಲಿ ಎಂದು ಕೇಳಿದ್ದೀರಿ. ಸೈಕಲ್‌ನಿಂದ ಇಳಿಯಿರಿ. ಸದ್ಯಕ್ಕೆ ಹತ್ತಲೇಬೇಡಿ.

ನಾನು ಸಾಕಿದ ನಾಯಿಗಳಲ್ಲಿ ಒಂದಕ್ಕೆ ಸೈಕಲ್ ಕಂಡರೆ ಭಯ, ಇನ್ನೊಂದಕ್ಕೆ ಓಡುವ ಚಕ್ರವನ್ನು ಅಟ್ಟಿಸಿಕೊಂಡು ಹೋಗುವ ಹುಚ್ಚು. ಎರಡೂ ದಾರಿಗೆ ಬಂದದ್ದು ನಾನು ಸೈಕಲ್ ತಳ್ಳಿಕೊಂಡು ನಡೆದಾಗಲೇ. ಈ ಕೆಲಸದ ಮುಕ್ಕಾಲು ಪಾಲು ನಡೆಯುವುದು ನೆಲದ ಮೇಲೆ ಕಾಲಿಟ್ಟುಕೊಂಡೇ. ಅದು ಬೇಜಾರಿನ ಕೆಲಸ, ಅದಕ್ಕೇ ಜನ ಅದನ್ನು ಬಿಟ್ಟು ನೇರವಾಗಿ ಪೆಡಲ್ ತುಳಿಯಲು ಹೋಗುತ್ತಾರೆ.

ನಾಯಿ ಯಾಕೆ ಅಡ್ಡ ಬರುತ್ತದೆ? ಇಷ್ಟು ದಿನ ಅದು ನಿಮ್ಮ ಜೊತೆ ನಡೆದಿದೆ. ಅಡ್ಡ ಬಂದರೆ ನೀವು ನಿಲ್ಲುತ್ತೀರಿ ಅಥವಾ ಪಕ್ಕಕ್ಕೆ ಸರಿಯುತ್ತೀರಿ ಅಂತ ಅದಕ್ಕೆ ಗೊತ್ತು. ಸೈಕಲ್ ಹಾಗೆ ಸರಿಯುವುದಿಲ್ಲ ಅನ್ನುವುದು ಗೊತ್ತಿಲ್ಲ. ಅದನ್ನು ನಡಿಗೆಯ ವೇಗದಲ್ಲಿ, ಪೆಟ್ಟಾಗದ ಹಾಗೆ ಕಲಿಸಬೇಕು.

ಮೊದಲು ಸೈಕಲ್ ಸುಮ್ನೆ ನಿಂತಿರಲಿ. ನಾಯಿ ಮೂಸಿ ನೋಡಲಿ, ಸುತ್ತು ಹಾಕಲಿ. ಬೆಲ್ ಹೊಡೆಯಿರಿ, ಬ್ರೇಕ್ ಹಿಡಿಯಿರಿ, ಚೈನಿನ ಸದ್ದು ಕೇಳಿಸಿ. ಪ್ರತಿ ಸದ್ದಿಗೂ ಒಂದು ಚೂರು ತಿಂಡಿ. ಆಮೇಲೆ ತಳ್ಳಿಕೊಂಡು ನಡೆಯಿರಿ. ಶುರುವಿನಲ್ಲಿ ನಡುವೆ ನೀವಿರಿ, ಒಂದು ಪಕ್ಕ ಸೈಕಲ್, ಇನ್ನೊಂದು ಪಕ್ಕ ನಾಯಿ. ಅದು ನಿರಾಳವಾಗಿ ನಡೆಯತೊಡಗಿದ ಮೇಲೆ ಸೈಕಲ್ಲನ್ನು ನಡುವೆ ತನ್ನಿ. ನಾಯಿ ಯಾವ ಪಕ್ಕ ಅನ್ನುವುದನ್ನು ಈಗಲೇ ತೀರ್ಮಾನಿಸಿ, ಮತ್ತೆ ಬದಲಿಸಬೇಡಿ. ವಾಹನಗಳು ಹೋಗುವ ಕಡೆ ನೀವು, ರಸ್ತೆಯ ಅಂಚಿನ ಕಡೆ ನಾಯಿ.

ತಿಂಡಿ ಕೊಡುವ ಜಾಗದ ಮೇಲೆ ಗಮನವಿರಲಿ, ಯಾಕಂದ್ರೆ ನಾಯಿ ತಿಂಡಿ ಸಿಕ್ಕಲ್ಲಿಗೇ ಮತ್ತೆ ಬರುತ್ತದೆ. ಹ್ಯಾಂಡಲ್ ಮುಂದೆ ಕೈ ಚಾಚಿ ಕೊಟ್ಟರೆ ಮುಂದಿನ ಚಕ್ರದ ಹತ್ತಿರ ಬಾ ಅಂತ ನೀವೇ ಕರೆದ ಹಾಗಾಯಿತು. ಪೆಡಲ್‌ನಿಂದ ಒಂದು ಅಡಿ ಆಚೆ, ನಿಮ್ಮ ಕಾಲಿನ ನೇರಕ್ಕೆ ಕೊಡಿ. ನಾಯಿಯ ಹೆಗಲು ಅಲ್ಲಿದ್ದರೆ ಸಾಕು.

ಇದೇ ಹಂತದಲ್ಲಿ ಮಾತುಗಳನ್ನೂ ಕಲಿಸಿ: ನಿಧಾನ, ನಿಲ್ಲು, ಎಡಕ್ಕೆ, ಬಲಕ್ಕೆ, ಬಿಡು. ಬೆಕ್ಕೋ ಅಳಿಲೋ ಕಂಡಾಗ 'ಬಿಡು' ಅನ್ನುವ ಒಂದೇ ಮಾತು ನಿಮ್ಮ ಮೊಣಕಾಲು ಉಳಿಸುತ್ತದೆ. ತಿರುಗುವ ಮೊದಲು ಮಾತು ಬರಬೇಕು, ತಿರುಗಿದ ಮೇಲಲ್ಲ. ಅದರಲ್ಲೂ ನಾಯಿ ಇರುವ ಕಡೆಗೇ ತಿರುಗುವಾಗ ಜಾಸ್ತಿ ಎಚ್ಚರ ಬೇಕು, ಆಗ ಚಕ್ರ ಅದರ ಮೇಲೇ ಹೋಗುತ್ತದಲ್ವಾ. ಅಂಥ ತಿರುವುಗಳನ್ನೇ ತಳ್ಳಿಕೊಂಡು ಸಾಕಷ್ಟು ಅಭ್ಯಾಸ ಮಾಡಿ.

ಇನ್ನು ಸಾಮಾನಿನ ವಿಷಯ. ಕತ್ತಿನ ಕಾಲರ್ ಬೇಡ, ಎದೆ, ಬೆನ್ನು ಸುತ್ತಿ ಬರುವ ಹಾರ್ನೆಸ್ ಹಾಕಿ. ಜಗ್ಗಿದಾಗ ಭಾರ ಎದೆಯ ಮೇಲೆ ಬೀಳಬೇಕು, ಗಂಟಲಿನ ಮೇಲಲ್ಲ. ಹೆಗಲು ಸಲೀಸಾಗಿ ಆಡುವಂತಿರಬೇಕು. ಉದ್ದವಾಗಿ ಬಿಚ್ಚಿಕೊಂಡು ಹೋಗುವ ಹಗ್ಗ ಬೇಡವೇ ಬೇಡ. ಹಗ್ಗವನ್ನು ಹ್ಯಾಂಡಲ್‌ಗೆ ಕಟ್ಟುವುದು, ಮುಂಗೈಗೆ ಸುತ್ತಿಕೊಳ್ಳುವುದು, ಎರಡೂ ಅಪಾಯ. ನಾಯಿ ಒಂದು ಸಲ ಪಕ್ಕಕ್ಕೆ ಜಿಗಿದರೆ ಹ್ಯಾಂಡಲ್ ತಿರುಗಿ ಇಬ್ಬರೂ ನೆಲಕ್ಕೆ. ಸೀಟಿನ ಕೆಳಗಿನ ಕೊಳವೆಗೆ ಸಿಕ್ಕಿಸುವ, ಸ್ಪ್ರಿಂಗ್ ಇರುವ ಕಂಬಿಗಳು ಸಿಗುತ್ತವೆ. ನನಗೆ ಇಷ್ಟವಾಗುವುದು ಅವೇ. ನಾಯಿಯನ್ನು ಚಕ್ರದಿಂದ ದೂರ ಇಡುತ್ತವೆ, ಜಗ್ಗುವಿಕೆ ಕೆಳಗಡೆಯೇ ಬೀಳುವುದರಿಂದ ಸೈಕಲ್ ವಾಲುವುದು ಕಡಿಮೆ, ಎರಡೂ ಕೈ ಬ್ರೇಕಿಗೆ ಸಿಗುತ್ತವೆ. ಕೈಯಲ್ಲಿ ಹಗ್ಗ ಹಿಡಿದೇ ಓಡಿಸುವವರು ಬಹಳ ಜನ ಇದ್ದಾರೆ. ನಾನು ಬೇಡ ಅನ್ನುತ್ತೇನೆ, ಲ್ಯಾಬ್ರಡಾರ್‌ನಷ್ಟು ಬಲವಿರುವ ನಾಯಿಗಂತೂ ಬೇಡ.

ಹತ್ತುವ ದಿನ ಬಂದಾಗ ಖಾಲಿ ಮೈದಾನ ಹುಡುಕಿ. ಹುಲ್ಲು ಅಥವಾ ಮಣ್ಣಿನ ನೆಲ ಒಳ್ಳೆಯದು. ಮೊದಲು ಒಂದು ಕಾಲು ಪೆಡಲ್ ಮೇಲಿಟ್ಟು ಸ್ವಲ್ಪ ದೂರ ಜಾರಿ. ಆಮೇಲೆ ಕೂತು ನಿಧಾನಕ್ಕೆ ತುಳಿಯಿರಿ, ಕೆಲವೇ ನಿಮಿಷ. ಹೊರಡುವ ಮೊದಲು ಹತ್ತು ನಿಮಿಷ ನಡೆಸಿ ಉಚ್ಚೆ, ಕಕ್ಕ ಎಲ್ಲ ಮುಗಿಸಿರಿ. ಓಡುತ್ತಿರುವ ನಾಯಿ ಕಂಬ ಕಂಡು ಗಕ್ಕನೆ ನಿಂತರೆ ಏನಾಗುತ್ತದೆ ಅಂತ ಹೇಳಬೇಕಾಗಿಲ್ಲ.

ವೇಗವನ್ನು ನಾಯಿಯ ಕಾಲು ನೋಡಿ ನಿರ್ಧರಿಸಿ. ಎದುರುಬದುರು ಮೂಲೆಯ ಕಾಲುಗಳು, ಅಂದರೆ ಬಲ ಮುಂಗಾಲು ಮತ್ತು ಎಡ ಹಿಂಗಾಲು, ಒಟ್ಟಿಗೆ ಏಳುವ ಹದವಾದ ಓಟವನ್ನು ಟ್ರಾಟ್ ಅನ್ನುತ್ತಾರೆ. ಬೆನ್ನು ಹೆಚ್ಚು ಕುಲುಕದ ಆ ಹೆಜ್ಜೆಯಲ್ಲಿ ನಾಯಿ ಬಹಳ ಹೊತ್ತು ಓಡಬಲ್ಲದು. ಬೆನ್ನು ಬಾಗಿಸಿ ಜಿಗಿದು ನಾಗಾಲೋಟಕ್ಕೆ ಇಳಿಯಿತು ಅಂದರೆ ನೀವು ಜಾಸ್ತಿ ತುಳಿಯುತ್ತಿದ್ದೀರಿ. ಜರ್ಮನ್ ಶೆಫರ್ಡ್‌ನಂಥ ಕೆಲಸದ ನಾಯಿಗಳಿಗೆ ಎ.ಡಿ. ಎಂಬ ದಮ್ಮಿನ ಪರೀಕ್ಷೆ ಇದೆ. ಸೈಕಲ್ ಪಕ್ಕ 20 ಕಿಲೋಮೀಟರ್, ಗಂಟೆಗೆ 12ರಿಂದ 15 ಕಿಲೋಮೀಟರ್ ವೇಗದಲ್ಲಿ, ನಡುವೆ ವಿರಾಮ ಕೊಟ್ಟು ಓಡಿಸುತ್ತಾರೆ. ಅದು ಪಳಗಿದ ನಾಯಿಗಳ ಪರೀಕ್ಷೆ. ನಿಮ್ಮ ನಾಯಿಗೆ ಒಂದೆರಡು ಕಿಲೋಮೀಟರ್‌ನಿಂದ ಶುರುಮಾಡಿ, ವಾರಗಳ ಮೇಲೆ ಸ್ವಲ್ಪ ಸ್ವಲ್ಪವೇ ಹೆಚ್ಚಿಸಿದರೆ ಸಾಕು.

ಆ ಪರೀಕ್ಷೆಗೂ 16 ತಿಂಗಳು ತುಂಬಿರಬೇಕು. ಎಳೆಯ ನಾಯಿಯ ಮೂಳೆಗಳ ತುದಿಯಲ್ಲಿ ಇನ್ನೂ ಬೆಳೆಯುತ್ತಿರುವ ಮೃದು ಭಾಗ ಇರುತ್ತದೆ. ದೊಡ್ಡ ತಳಿಗಳಲ್ಲಿ ಅದು ಗಟ್ಟಿಯಾಗಲು ಒಂದೂವರೆ ವರ್ಷದವರೆಗೂ ಹಿಡಿಯಬಹುದು. ಹಾಗಾಗಿ ಪಶುವೈದ್ಯರಿಗೆ ಸೊಂಟ, ಮೊಣಕೈ ಕೀಲು ತೋರಿಸಿ, ಅವರು ಸರಿ ಅಂದ ಮೇಲೆ ಓಡಿಸಿ. ಅಲ್ಲಿಯವರೆಗೆ ತಳ್ಳಿಕೊಂಡು ನಡೆಯುವ ಪಾಠ ಹೇಗೂ ಇದೆ.

ನನಗೆ ಹೆಚ್ಚು ಭಯ ಇರುವುದು ಸೆಕೆಯ ಬಗ್ಗೆ. ನಾಯಿ ನಮ್ಮ ಹಾಗೆ ಮೈತುಂಬ ಬೆವರುವುದಿಲ್ಲ. ಅಂಗಾಲಿನಲ್ಲಿ ಸ್ವಲ್ಪ ಬೆವರು ಬಿಟ್ಟರೆ ತೇಕುವುದೊಂದೇ ಅದಕ್ಕೆ ತಂಪಾಗುವ ದಾರಿ. ಸೈಕಲ್ ಮೇಲೆ ನಿಮಗೆ ಗಾಳಿ ಬೀಸುತ್ತಿರುತ್ತದೆ, ಹಾಯಾಗಿರುತ್ತದೆ. ಕೆಳಗೆ ಅದು ತುಪ್ಪಳ ಹೊದ್ದು ಬಿಸಿ ರಸ್ತೆಯ ಹತ್ತಿರ ಓಡುತ್ತಿರುತ್ತದೆ. ಲ್ಯಾಬ್ರಡಾರ್‌ಗಳು ಸಾಕು ಅನ್ನುವ ಜಾತಿಯಲ್ಲ, ನೀವು ಹೋಗುವಷ್ಟು ದೂರವೂ ಬರುತ್ತವೆ, ಕುಸಿದು ಬೀಳುವವರೆಗೂ. ಬೆಳಗಿನ ಜಾವ ಅಥವಾ ರಾತ್ರಿಯ ತಂಪಿನಲ್ಲಿ ಹೊರಡಿ. ಅಂಗೈ ಹಿಂಭಾಗವನ್ನು ರಸ್ತೆಗೆ ಒತ್ತಿ 7 ಸೆಕೆಂಡ್ ಇಡಲಾಗದಿದ್ದರೆ ಅವತ್ತು ಓಟ ಬೇಡ. ಪಕ್ಕದಲ್ಲಿದ್ದ ನಾಯಿ ಹಿಂದೆ ಬೀಳತೊಡಗಿದರೆ, ನಾಲಿಗೆ ಅಗಲವಾಗಿ ಜೋತುಬಿದ್ದರೆ, ಜೊಲ್ಲು ಅಂಟಂಟಾದರೆ, ತಕ್ಷಣ ನಿಲ್ಲಿಸಿ. ತೂರಾಡಿದರೆ ಮೈಮೇಲೆ ತಣ್ಣೀರು ಸುರಿದು, ಗಾಳಿ ಹಾಕುತ್ತಲೇ ವೈದ್ಯರ ಹತ್ತಿರ ಓಡಿ. ಪಗ್, ಬುಲ್‌ಡಾಗ್‌ನಂಥ ಚಪ್ಪಟೆ ಮೂತಿಯ ನಾಯಿಗಳಿಗೆ ಈ ಆಟವೇ ಬೇಡ ಅನ್ನುವುದೂ ಇದಕ್ಕೇ.

ಹೊಟ್ಟೆ ತುಂಬ ತಿಂದ ಮೇಲೆ ಒಂದೆರಡು ಗಂಟೆ ಓಡಿಸಬೇಡಿ, ಆಳವಾದ ಎದೆಯ ನಾಯಿಗಳಲ್ಲಿ ಹೊಟ್ಟೆ ತಿರುಚಿಕೊಳ್ಳುವ ಅಪಾಯ ಇದೆ. ವಾಪಸ್ ಬಂದ ಮೇಲೆ ಅಂಗಾಲು ನೋಡಿ, ಸವೆದಿದ್ದರೆ ಕೆಲವು ದಿನ ರಜೆ.

ದಣಿಯುವುದಿಲ್ಲ ಅನ್ನುವ ನಿಮ್ಮ ದೂರಿಗೆ ಸೈಕಲ್ ಅರ್ಧ ಮದ್ದು ಮಾತ್ರ. ಓಡಿಸಿದಷ್ಟೂ ಅದರ ದಮ್ಮು ಹೆಚ್ಚುತ್ತದೆ, ಆಮೇಲೆ ಇನ್ನೂ ಜಾಸ್ತಿ ಓಟ ಬೇಕು ಅನ್ನುತ್ತದೆ. ಓಟವಿಲ್ಲದ ದಿನ ಅದರ ಇಷ್ಟಕ್ಕೆ ಬಿಟ್ಟು ಮೂಸುತ್ತಾ ನಡೆಯಲು ಬಿಡಿ. ಮೂಗಿಗೆ ಕೆಲಸ ಸಿಕ್ಕ ನಾಯಿ ಮನೆಗೆ ಬಂದು ಚೆನ್ನಾಗಿ ಮಲಗುತ್ತದೆ.