ನಾಲ್ಕನೇ ಕ್ಲಾಸಿಗೆ ಬಂದರೂ ಒತ್ತಕ್ಷರ ಓದಲು ಬರುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ: ಸಿಂಧನೂರು ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯಲ್ಲಿ ಟೀಚರ್ ಆಗಿದ್ದೇನೆ. ಈ ವರ್ಷ, ಅಂದರೆ 2022–23ರಲ್ಲಿ, ನಾಲ್ಕನೇ ತರಗತಿ ನನ್ನದು. ಅರ್ಧ ಮಕ್ಕಳಿಗೆ ಒತ್ತಕ್ಷರ ಬರಲ್ಲ, ಕೆಲವರು ಕಾಗುಣಿತದಲ್ಲೇ ನಿಂತಿದ್ದಾರೆ. ಕಲಿಕಾ ಹಾಳೆ ಕೊಟ್ಟರೆ ಪಕ್ಕದವರದ್ದು ನೋಡಿ ಬರೀತಾರೆ. ಹತ್ತಿ ಬಿಡಿಸುವ ಕಾಲ ಬೇರೆ, ಕೆಲವರು ಬರ್ತಾನೇ ಇಲ್ಲ. ಪಾಲಕರು ನೋಡಿದರೆ "ಪ್ರೈವೇಟ್ ಸಾಲ್ಯಾಗ ಎಷ್ಟು ಪಾಠ ಆಗ್ಯಾವ, ನಿಮ್ಮಲ್ಲಿ ಯಾಕ ಆಗಿಲ್ಲ?" ಅಂತಾರೆ. ಎಲ್ಲಿಂದ ಶುರು ಮಾಡಲಿ?
— ಒಬ್ಬ ಶಿಕ್ಷಕಿ, ರಾಯಚೂರು ಜಿಲ್ಲೆ

ಉತ್ತರ: ಮೇಡಂ, 2020ರ ಮಾರ್ಚ್‌ನಲ್ಲಿ ಕೊರೊನಾ ಅಂತ ಶಾಲೆ ಮುಚ್ಚಿದಾಗ ಈ ಮಕ್ಕಳು ಒಂದನೇ ಕ್ಲಾಸು. ನಡುವೆ ಟೀಚರುಗಳೇ ಮಕ್ಕಳಿದ್ದಲ್ಲಿಗೆ ಹೋಗಿ ಪಾಠ ಹೇಳುವ ವಿದ್ಯಾಗಮ ಬಂತು, ನಿಂತಿತು. ಚಂದನ ವಾಹಿನಿಯಲ್ಲಿ ಪಾಠ ಬಂತು, ಆದರೆ ಟಿವಿ ಇಲ್ಲದ ಮನೆಗಳೂ ಇದ್ದವಲ್ಲ. ಒಂದರಿಂದ ಐದನೇ ತರಗತಿಗೆ ಬಾಗಿಲು ತೆರೆದಿದ್ದು 2021ರ ಅಕ್ಟೋಬರ್ 25ಕ್ಕೆ. ಅಷ್ಟೊತ್ತಿಗೆ ಎರಡನೇ ಕ್ಲಾಸು ಪೂರ್ತಿ, ಮೂರನೇ ಕ್ಲಾಸಿನ ಒಂದಿಷ್ಟು ತಿಂಗಳು ಹೋಗಿಬಿಟ್ಟಿದ್ದವು. ಒಂದರಿಂದ ಮೂರನೇ ಕ್ಲಾಸಿನವರು ಆಡುತ್ತಾ ಮೆಟ್ಟಿಲು ಮೆಟ್ಟಿಲಾಗಿ ಕಲಿಯುವ ನಲಿ-ಕಲಿ ಏಣಿ ಹತ್ತಬೇಕಾದ ವಯಸ್ಸೇ ಅದು. ಹಾಗಾಗಿ ಇವರನ್ನು ದಡ್ಡರು ಅನ್ನೋದು ಅನ್ಯಾಯ, ಸ್ಟಾಫ್ ರೂಮಿನಲ್ಲಿ ಯಾರಾದರೂ ಅಂದರೂ ಸುಮ್ನಿರಬೇಡಿ.

ಮೊದಲು ಒಬ್ಬೊಬ್ಬರನ್ನೇ ವರಾಂಡದಲ್ಲಿ ಪಕ್ಕ ಕೂರಿಸಿಕೊಂಡು ಜೋರಾಗಿ ಓದಿಸಿ. ಎಲ್ಲರ ಮುಂದೆ ಬೇಡ. ಅಕ್ಷರ, ಗುಣಿತದ ಪದ, ಒತ್ತಿನ ಪದ, ಆಮೇಲೆ ಒಂದು ವಾಕ್ಯ. ಎಲ್ಲಿ ತಡವರಿಸುತ್ತಾರೋ ಬರೆದಿಟ್ಟುಕೊಳ್ಳಿ, ಅಲ್ಲಿಂದಲೇ ಗುಂಪು ಮಾಡಿ. ದಿನಾ ಒಂದು ಗಂಟೆ ಗುಂಪಿನ ಪಾಠ, ಅದನ್ನು ಯಾವ ಕಾರಣಕ್ಕೂ ಬಿಡಬೇಡಿ. ಒತ್ತಕ್ಷರಕ್ಕೆ ಮನೆಯ ಮಾತೇ ಸಾಕು: ಅಕ್ಕ, ಹತ್ತಿ, ಭತ್ತ, ರೊಟ್ಟಿ, ಸಜ್ಜೆ. ಅದೇ ಅಕ್ಷರಕ್ಕೆ ಅದೇ ಒತ್ತು ಬರುವ ಇಂಥವು ಗಟ್ಟಿಯಾದ ಮೇಲೆ ರಸ್ತೆ, ಪುಸ್ತಕಕ್ಕೆ ಹೋಗಿ. ಸೂರ್ಯ, ಕಾರ್ಯದಂಥ ಅರ್ಕಾವತ್ತು ಕೊನೆಗೆ ಇರಲಿ, ಬರೆಯೋದು ಒಂದು ಥರ ಓದೋದು ಇನ್ನೊಂದು ಥರ ಆಗಿರೋದರಿಂದ ಮಕ್ಕಳು ಅಲ್ಲೇ ಜಾಸ್ತಿ ಎಡವುತ್ತಾರೆ. ನೋಡಿ ಬರೆಯೋದು ಬಹುಪಾಲು ಹೆದರಿಕೆಯಿಂದ. ಹಾಳೆಯಲ್ಲಿರುವುದನ್ನು ಮೊದಲು ಬಾಯಲ್ಲಿ ಹೇಳಿಸಿ, ಬರವಣಿಗೆ ಆಮೇಲೆ.

ಪಾಲಕರಿಗೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ನೇರವಾಗಿ ಹೇಳಿ: ಈ ವರ್ಷವನ್ನು ಸರ್ಕಾರವೇ ಕಲಿಕಾ ಚೇತರಿಕೆಗೆ, ಅಂದರೆ ಶಾಲೆ ಮುಚ್ಚಿದಾಗ ತಪ್ಪಿದ್ದನ್ನು ಮತ್ತೆ ಕಲಿಸೋದಕ್ಕೆ ಅಂತ ಇಟ್ಟಿದೆ, ಎಷ್ಟು ಪಾಠ ಮುಗಿದವು ಅನ್ನೋದು ಅಳತೆಯಲ್ಲ. ಹೇಳಿದರೆ ಸಾಲದು, ಅವರ ಮಗುವಿನಿಂದಲೇ ನಾಲ್ಕು ಸಾಲು ಓದಿಸಿ ಕೇಳಿಸಿ.

ಹೊಲಕ್ಕೆ ಹೋಗುವ ಮಕ್ಕಳದ್ದು ಕಷ್ಟದ ಮಾತು. ಶಾಲೆ ಇಲ್ಲದ ದಿನಗಳಲ್ಲಿ ಅವರ ಕೂಲಿಯೂ ಮನೆಯ ಲೆಕ್ಕಕ್ಕೆ ಸೇರಿಬಿಟ್ಟಿದೆ. ಸಂಜೆ ಎಲ್ಲರೂ ವಾಪಸ್ ಬಂದ ಹೊತ್ತಿಗೆ ಮನೆಗೆ ಹೋಗಿ, ಬೈಯಬೇಡಿ, ಹತ್ತಿ ಎಂದಿಗೆ ಮುಗಿಯುತ್ತದೆ ಅಂತ ಕೇಳಿ ದಿನ ಗೊತ್ತು ಮಾಡಿಕೊಳ್ಳಿ. ಗುಳೆ ಹೋಗಿದ್ದರೆ ಅಜ್ಜಿಯ ಹತ್ತಿರ ಫೋನ್ ನಂಬರ್ ತೆಗೆದುಕೊಳ್ಳಿ. ಮಗು ವಾಪಸ್ ಬಂದ ದಿನ ಎಬ್ಬಿಸಿ ನಿಲ್ಲಿಸಿ "ಎಲ್ಲಿ ಹೋಗಿದ್ದೆ?" ಅಂತ ಕೇಳಲೇಬೇಡಿ. ಸೀದಾ ಅದರ ಗುಂಪಿನಲ್ಲಿ ಕೂರಿಸಿ, ಬಿಟ್ಟ ಕಡೆಯಿಂದ ಓದಿಸಿ.