ಪಾವಗಡದ ಭಯ, ಕ್ಯಾಲ್ಗರಿಯ ನಲ್ಲಿ ನೀರು

ಪಾವಗಡದಿಂದ ಕೆನಡಾದ ಕ್ಯಾಲ್ಗರಿಗೆ ಬಂದು ಎರಡು ತಿಂಗಳೂ ತುಂಬದ ನೀವು, ಇಲ್ಲಿನ ನಲ್ಲಿ ನೀರಿಗೆ ಬೇಕೆಂದೇ ಫ್ಲೋರೈಡ್ ಬೆರೆಸುತ್ತಾರೆಂದು ತಿಳಿದು ಗಾಬರಿಗೊಂಡಿದ್ದೀರಿ; ಮನೆಗೆ ಆರ್‌ಒ ಹಾಕಿಸಿ, ನಾಲ್ಕು ವರ್ಷದ ಮಗಳಿಗೆ ಫ್ಲೋರೈಡ್ ಇಲ್ಲದ ಟೂತ್‌ಪೇಸ್ಟ್ ತರಬೇಕೇ ಎಂದು ಕೇಳಿದ್ದೀರಿ. ನಾನೂ ಆ ಸೀಮೆಯವನೇ. ಬೋರ್‌ವೆಲ್ ನೀರು ಕುಡಿದು ಹಲ್ಲಿನ ಮೇಲೆ ಕಂದು ಗೆರೆ ಮೂಡಿದ್ದ ನನ್ನ ಸಹಪಾಠಿಗಳು ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದರು. ಕತ್ತು ತಿರುಗಿಸಲಾಗದೆ, ಕರೆದವರತ್ತ ಇಡೀ ಮೈಯನ್ನೇ ತಿರುಗಿಸುತ್ತಿದ್ದ ಅಜ್ಜನೊಬ್ಬನನ್ನು ನಾನಿನ್ನೂ ಮರೆತಿಲ್ಲ. ಆದ್ದರಿಂದ ನಿಮ್ಮ ಭಯವನ್ನು ಮೂಢನಂಬಿಕೆ ಎನ್ನಲಾರೆ.

ಆದರೆ ಊರಿನಲ್ಲಿ ನಮ್ಮನ್ನು ಕಾಡಿದ್ದು ಫ್ಲೋರೈಡಿನ ಪ್ರಮಾಣ. ಭಾರತದಲ್ಲಿ ಕುಡಿಯುವ ನೀರಿಗೆ ಲೀಟರಿಗೆ 1.5 ಮಿಲಿಗ್ರಾಂ ಕೊನೆಯ ಮಿತಿ. ನಮ್ಮ ಕಡೆಯ ಎಷ್ಟೋ ಬೋರ್‌ವೆಲ್‌ಗಳು ಅದನ್ನು ಮೀರಿವೆ. ಇಲ್ಲಿ ಬೋ ಮತ್ತು ಎಲ್ಬೊ ನದಿಗಳ ನೀರಿನಲ್ಲಿ 0.1ರಿಂದ 0.4ರಷ್ಟು ಫ್ಲೋರೈಡ್ ತಾನಾಗಿಯೇ ಇರುತ್ತದೆ, ಹಲ್ಲು ಹುಳುಕಾಗದಿರಲೆಂದು ನಗರಾಡಳಿತ ಅದನ್ನು 0.7ಕ್ಕೆ ಏರಿಸುತ್ತದೆ, ಅಷ್ಟೆ. ಮಕ್ಕಳ ಬುದ್ಧಿಮತ್ತೆಯ ಕುರಿತು ಅಮೆರಿಕದಲ್ಲಿ 2024ರಲ್ಲಿ ಬಂದ ಸರ್ಕಾರಿ ವರದಿಯೂ 1.5ಕ್ಕಿಂತ ಹೆಚ್ಚಿನ ಪ್ರಮಾಣದ ಬಗ್ಗೆಯೇ ಎಚ್ಚರಿಸಿತು, 0.7ರ ಬಗ್ಗೆ ತೀರ್ಮಾನ ಹೇಳುವಷ್ಟು ಮಾಹಿತಿ ಸಾಲದೆಂದು ಒಪ್ಪಿಕೊಂಡಿತು.

2011ರಲ್ಲಿ ಈ ನಗರ ಫ್ಲೋರೈಡ್ ಬೆರೆಸುವುದನ್ನು ನಿಲ್ಲಿಸಿದಾಗ ಸಂತೋಷಪಟ್ಟವರಲ್ಲಿ ನಾನೂ ಒಬ್ಬ. ಕೆಲವು ವರ್ಷಗಳ ನಂತರ ನನ್ನ ಮಗನ ಎರಡು ದವಡೆ ಹಲ್ಲುಗಳಿಗೆ ಫಿಲ್ಲಿಂಗ್ ಮಾಡಿಸಬೇಕಾಯಿತು. ಅವನ ಜೇಬಿನಲ್ಲಿ ಸದಾ ಚಾಕೊಲೇಟ್ ಇರುತ್ತಿದ್ದುದರಿಂದ ಅದನ್ನು ಸಾಕ್ಷ್ಯವೆಂದು ಮುಂದಿಡಲಾರೆ. ಸಾಕ್ಷ್ಯ ಬೇರೆಡೆಯಿಂದ ಬಂತು: ನಿಲ್ಲಿಸಿ ಏಳೆಂಟು ವರ್ಷವಾದ ಮೇಲೆ ಎರಡನೇ ತರಗತಿಯ ಮಕ್ಕಳನ್ನು ಪರೀಕ್ಷಿಸಿದಾಗ, ಫ್ಲೋರೈಡ್ ಮುಂದುವರಿಸಿದ್ದ ಇದೇ ಪ್ರಾಂತ್ಯದ ಎಡ್ಮಂಟನ್‌ನಲ್ಲಿ ಸುಮಾರು ಶೇ. 55 ಮಕ್ಕಳ ಹಾಲುಹಲ್ಲುಗಳು ಹುಳುಕಾಗಿದ್ದರೆ, ಕ್ಯಾಲ್ಗರಿಯಲ್ಲಿ ಆ ಸಂಖ್ಯೆ ಶೇ. 65ರಷ್ಟಿತ್ತು. 2021ರ ಜನಮತದಲ್ಲಿ ಶೇ. 62 ಮಂದಿ ಮತ್ತೆ ಬೆರೆಸಲು ಒಪ್ಪಿದರು (ಈ ಸಲ ನಾನೂ ಒಪ್ಪಿದೆ), 2025ರ ಜೂನ್ 30ರಿಂದ ಅದು ಜಾರಿಗೆ ಬಂತು.

ಮನಸ್ಸಿನ ನೆಮ್ಮದಿಗೆ ಆರ್‌ಒ ಹಾಕಿಸಿಕೊಳ್ಳಬಹುದು, ಆದರೆ ಅದು ನೀರಿನ ಫ್ಲೋರೈಡನ್ನು ತೆಗೆಯುವುದರಿಂದ, ಜೊತೆಗೆ ಪೇಸ್ಟಿನ ಫ್ಲೋರೈಡನ್ನೂ ಬಿಡಿಸಬೇಡಿ. ಬಟಾಣಿ ಕಾಳಿನಷ್ಟು ಹಾಕಿ, ನುಂಗದೆ ಉಗುಳುವುದನ್ನು ಕಲಿಸಿ. ಹುಳುಕು ಬಾರದಂತೆ ತಡೆಯುವುದೇ ಮೇಲು: ಇಲ್ಲಿ ದೊಡ್ಡವರ ಮಾಮೂಲಿ ಹಲ್ಲಿನ ಚಿಕಿತ್ಸೆ ಪ್ರಾಂತ್ಯದ ಆರೋಗ್ಯ ವಿಮೆಗೆ ಸೇರುವುದಿಲ್ಲ, ಮಕ್ಕಳದೂ ಬಹುಪಾಲು ಹಾಗೆಯೇ. ಎಚ್ಚರಿಕೆಗೆ ಅರ್ಥವಿರುವುದು ಒಂದೇ ಕಡೆ: ಹಾಲುಪುಡಿಯನ್ನೇ ನಂಬಿದ ಎಳೆಗೂಸಿದ್ದರೆ, ಆಗಾಗ ಫ್ಲೋರೈಡ್ ಕಡಿಮೆಯಿರುವ ನೀರಿನಲ್ಲಿ ಕಲಸಬಹುದು, ಇಲ್ಲದಿದ್ದರೆ ಮುಂದೆ ಹಲ್ಲಿನ ಮೇಲೆ ತೆಳು ಬಿಳಿ ಮಚ್ಚೆ ಕಾಣಿಸಿಕೊಳ್ಳಬಹುದು.

ನಮ್ಮ ಮನೆಯಲ್ಲಿ ನಲ್ಲಿ ನೀರನ್ನೇ ಕುಡಿಯುತ್ತೇವೆ. ಊರಿನಿಂದ ಅಮ್ಮ ಬಂದಾಗ ಮಾತ್ರ ನೀರು ಕುದಿಯುತ್ತದೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪಾಲು ಹೆಚ್ಚುತ್ತದೆ ಎಂದು ನಾಲ್ಕು ಸಲ ಹೇಳಿದ್ದೇನೆ. ಅಮ್ಮ ಇನ್ನೂ ಕುದಿಸುತ್ತಲೇ ಇದ್ದಾರೆ.