ಸ್ಟೀರಿಂಗ್ ಅಂಟಂಟಾಗಿ ಬೂಷ್ಟು ಹಿಡಿಯುತ್ತಿದ್ದರೆ ಏನು ಮಾಡಬೇಕು?

ನೀವು ಕೇಳಿರುವುದು ಇಷ್ಟು: ಹತ್ತು ವರ್ಷದ ಕಾರು, ಮೂಡಿಗೆರೆ ಕಡೆ ತೋಟಕ್ಕೂ ಮನೆಗೂ ಓಡಾಟ, ಚರ್ಮ ಹೊದಿಸಿದ ಸ್ಟೀರಿಂಗ್. ಹಿಡಿದರೆ ಕೈಗೆ ಅಂಟುತ್ತದೆ, ಮಳೆಗಾಲದಲ್ಲಿ ಹೊಲಿಗೆ ಸಂದಿಯಲ್ಲಿ ಬಿಳಿ ಬೂಷ್ಟು ಕಾಣುತ್ತದೆ, ಸ್ಯಾನಿಟೈಸರ್ ಹಾಕಿ ಒರೆಸಿದರೆ ಒಂದು ದಿನ ಸರಿ ಇದ್ದು ಮತ್ತೆ ಹಾಗೇ ಆಗುತ್ತದೆ.

ಮೊದಲು ಆ ಸ್ಯಾನಿಟೈಸರ್ ನಿಲ್ಲಿಸಿ. ಕೈ ಒಡೆಯದಿರಲಿ ಎಂದು ಅದಕ್ಕೆ ಗ್ಲಿಸರಿನ್ ಸೇರಿಸಿರುತ್ತಾರೆ, ಜೆಲ್ ಆಗಿದ್ದರೆ ಮಂದ ಮಾಡುವ ಪದಾರ್ಥವೂ ಇರುತ್ತದೆ. ಆಲ್ಕೋಹಾಲ್ ಆರಿಹೋಗುತ್ತದೆ, ಇವೆರಡೂ ಸ್ಟೀರಿಂಗ್ ಮೇಲೇ ಉಳಿಯುತ್ತವೆ. ಗ್ಲಿಸರಿನ್ ಗಾಳಿಯ ತೇವವನ್ನು ಎಳೆದುಕೊಳ್ಳುವ ಪದಾರ್ಥ. ಜುಲೈ ತಿಂಗಳಲ್ಲಿ ನಿಮ್ಮ ಕಡೆ ಅದು ಒಣಗುವುದು ಕಷ್ಟ, ಅದರ ಮೇಲೆ ಧೂಳು ಕೂತು ಇನ್ನೊಂದು ಪದರ ಆಗುತ್ತದೆ.

ಇನ್ನು ಅಂಟು. ಅದರಲ್ಲಿ ಎರಡು ಥರ ಇದೆ, ಯಾವುದು ಅಂತ ಗೊತ್ತಾಗದೆ ಏನು ತಿಕ್ಕಿದರೂ ವ್ಯರ್ಥ. ಒಂದು, ಬೆವರು, ಕೈಯ ಜಿಡ್ಡು, ಧೂಳು ಸೇರಿ ಕಟ್ಟಿದ ಕೊಳೆ. ಇದು ತೊಳೆದರೆ ಹೋಗುತ್ತದೆ. ಇನ್ನೊಂದು, ಹೊದಿಕೆಯೇ ಕೆಟ್ಟಿರುವುದು. ಕಾರಿನ ಚರ್ಮದ ಮೇಲೆ ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್‌ನ ತೆಳು ಲೇಪ ಇರುತ್ತದೆ, ರೆಕ್ಸಿನ್ ಥರದ ಹೊದಿಕೆಯಲ್ಲಂತೂ ಮೇಲ್ಪದರವೇ ಅದು. ವರ್ಷಗಟ್ಟಲೆ ಶಾಖ, ತೇವ ತಿಂದು ಆ ಲೇಪ ಒಳಗಿಂದಲೇ ಸಡಿಲವಾಗಿ ಮೆತ್ತಗಾಗುತ್ತದೆ.

ಪರೀಕ್ಷೆ ಸುಲಭ. ನೀವು ಸದಾ ಹಿಡಿಯುವ ಜಾಗದಲ್ಲಿ ಎರಡು ಇಂಚು, ಚಕ್ರದ ತಳದಲ್ಲಿ ಎರಡು ಇಂಚು, ಎರಡನ್ನೂ ಸೋಪು ನೀರಿನ ಬಟ್ಟೆಯಿಂದ ಒರೆಸಿ, ಒಣಬಟ್ಟೆಯಿಂದ ಒತ್ತಿ, ಅರ್ಧ ಗಂಟೆ ಬಿಡಿ. ಬಟ್ಟೆಗೆ ಕಂದು ಅಥವಾ ಬೂದು ಬಣ್ಣ ಹತ್ತಿ, ಆ ಜಾಗ ಮಂಕಾಗಿ ಒಣಗಿದರೆ ಅದು ಕೊಳೆ. ಒರೆಸಿದಷ್ಟೂ ಸ್ಟೀರಿಂಗ್‌ನ ಕಪ್ಪೇ ಬಟ್ಟೆಗೆ ಬರುತ್ತಾ, ಒಣಗಿದ ಮೇಲೂ ಉಗುರು ಒತ್ತಿದರೆ ಗುರುತು ಉಳಿಯುತ್ತಿದ್ದರೆ ಲೇಪ ಹೋಗಿದೆ. ಆಗ ಯಾವ ದ್ರಾವಣವೂ ಕೆಲಸಕ್ಕೆ ಬಾರದು, ಕುಷನ್ ಅಂಗಡಿಯಲ್ಲಿ ಹೊಸ ಚರ್ಮ ಸುತ್ತಿ ಕೈಹೊಲಿಗೆ ಹಾಕಿಸಿ. ಸುಮ್ಮನೆ ಸಿಕ್ಕಿಸುವ ಕವರ್ ಬೇಡ. ಅಳತೆ ಸರಿಯಿಲ್ಲದ ಕವರ್ ಚಾರ್ಮಾಡಿ ತಿರುವಿನಲ್ಲಿ ಕೈಯೊಳಗೇ ಜಾರುತ್ತದೆ.

ಕೊಳೆಯೇ ಆಗಿದ್ದರೆ ಬೇಕಾಗುವುದು ಇಷ್ಟೇ: ಅರ್ಧ ಲೀಟರ್ ಉಗುರುಬೆಚ್ಚಗಿನ ನೀರಿಗೆ ಒಂದು ಚಮಚ ಬೇಬಿ ಶಾಂಪೂ, ನಾಲ್ಕು ಮೈಕ್ರೋಫೈಬರ್ ಬಟ್ಟೆ, ಮೆತ್ತನೆಯ ಹಲ್ಲುಜ್ಜುವ ಬ್ರಷ್, ಕಿವಿಗೆ ಹಾಕುವ ಹತ್ತಿ ಕಡ್ಡಿ. ಕಾರನ್ನು ನೆರಳಲ್ಲಿ ನಿಲ್ಲಿಸಿ, ಕೀ ತೆಗೆದಿಡಿ.

ನೀರು ಕಡಿಮೆ ಇದ್ದಷ್ಟೂ ಒಳ್ಳೆಯದು. ಬಟ್ಟೆಯನ್ನು ಹನಿ ಬೀಳದ ಹಾಗೆ ಹಿಂಡಿ. ಸ್ಟೀರಿಂಗ್ ಮೇಲೆ ನೇರವಾಗಿ ಏನನ್ನೂ ಸ್ಪ್ರೇ ಮಾಡಬೇಡಿ, ಹಾರ್ನ್ ಮತ್ತು ಆಡಿಯೋ ಸ್ವಿಚ್‌ಗಳ ಕೆಳಗೆ ವೈರು, ಕಾಂಟ್ಯಾಕ್ಟ್‌ಗಳಿವೆ. ಮಧ್ಯದ ಪ್ಯಾಡ್ ಮೇಲೆ ಎಸ್‌ಆರ್‌ಎಸ್ ಅಥವಾ ಏರ್‌ಬ್ಯಾಗ್ ಎಂದು ಅಚ್ಚಾಗಿದೆಯಾ ನೋಡಿ. ಚಾಲಕನ ಏರ್‌ಬ್ಯಾಗ್ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯವಾದದ್ದು 2019ರ ಜುಲೈನಿಂದ, ನಿಮ್ಮದು ಅದಕ್ಕಿಂತ ಹಳೆಯದಾದರೂ ಇದ್ದಿರಬಹುದು. ಇದ್ದರೆ ಆ ಪ್ಯಾಡಿನ ಮೇಲ್ಭಾಗವನ್ನು ಹಗುರವಾಗಿ ಒರೆಸುವುದಷ್ಟೇ, ಅಂಚಿಗೆ ಸ್ಕ್ರೂಡ್ರೈವರ್ ಹಾಕಿ ಎಬ್ಬಿಸಲು ಹೋಗಬೇಡಿ. ಹೊಲಿಗೆ ಹಾಕಿಸುವಾಗ ಚಕ್ರ ಬಿಚ್ಚಬೇಕು ಎಂದರೂ ಬ್ಯಾಟರಿ ಟರ್ಮಿನಲ್ ತೆಗೆದು, ಕೆಲವು ನಿಮಿಷ ಕಾದು, ಅದನ್ನು ಬಲ್ಲವರೇ ಬಿಚ್ಚಲಿ.

ಚಕ್ರವನ್ನು ಮನಸ್ಸಿನಲ್ಲೇ ನಾಲ್ಕು ಭಾಗ ಮಾಡಿಕೊಂಡು ತಳದಿಂದ ಶುರು ಮಾಡಿ. ಬ್ರಷ್‌ಗೆ ನೀರಲ್ಲ, ಬರೀ ನೊರೆ ತೆಗೆದುಕೊಳ್ಳಿ. ಒತ್ತದೆ ಸಣ್ಣ ಸುತ್ತಿನಲ್ಲಿ ಆಡಿಸಿ, ಹೊಲಿಗೆ ಬಂದಲ್ಲಿ ದಾರದ ಉದ್ದಕ್ಕೇ ಎಳೆಯಿರಿ. ಅಡ್ಡ ತಿಕ್ಕಿದರೆ ದಾರ ಜೂಲು ಏಳುತ್ತದೆ. ನೊರೆ ಕಂದಾಗುತ್ತಿದ್ದಂತೆ, ಒಣಗಲು ಬಿಡದೆ, ಒದ್ದೆ ಬಟ್ಟೆಯಿಂದ ಎತ್ತಿಬಿಡಿ. ತಡಮಾಡಿದರೆ ಕರಗಿದ ಜಿಡ್ಡು ಮತ್ತೆ ಚರ್ಮದ ಗೆರೆಗಳಲ್ಲೇ ಕೂರುತ್ತದೆ. ಬೇರೆ ಒಣಬಟ್ಟೆಯಿಂದ ಒತ್ತಿ, ಮುಂದಿನ ಭಾಗಕ್ಕೆ ಹೋಗಿ. ಹತ್ತು ವರ್ಷದ ಕೊಳೆ ಒಂದೇ ಸಲಕ್ಕೆ ಬರುವುದಿಲ್ಲ, ಬಟ್ಟೆ ಬಿಳಿಯಾಗಿಯೇ ವಾಪಸ್ ಬರುವವರೆಗೆ ಇಡೀ ಸುತ್ತನ್ನು ಎರಡು ಮೂರು ಸಲ ಮಾಡಿ. ಹಿಡಿಯುವ ಜಾಗ ಫಳಫಳ ಹೊಳೆಯುತ್ತಿತ್ತಲ್ಲ, ಅದು ಜಿಡ್ಡು. ಶುದ್ಧವಾದ ಚರ್ಮ ಮಂಕಾಗಿರುತ್ತದೆ, ಸಣ್ಣ ಗೆರೆಗಳು ಎದ್ದು ಕಾಣುತ್ತವೆ. ಚಕ್ರದ ಹಿಂಬದಿ ಮರೆಯಬೇಡಿ, ಬೆರಳು ಊರುವುದೇ ಅಲ್ಲಿ. ಸ್ವಿಚ್ ಸಂದಿಗೆ ಹತ್ತಿ ಕಡ್ಡಿ ಸಾಕು.

ತೋಟದ ಕೈಗಳ ಕಲೆ ಬೇರೆ ಬೇರೆ. ಕೊಯ್ಲಿನಲ್ಲಿ ಹತ್ತುವ ಕಾಫಿ ಹಣ್ಣಿನ ಲೋಳೆ ಸಕ್ಕರೆ, ಪೆಕ್ಟಿನ್ ಎಂಬ ಅಂಟು ಇರುವಂಥದ್ದು. ಬೆಚ್ಚನೆ ಒದ್ದೆ ಬಟ್ಟೆಯನ್ನು ಐದು ನಿಮಿಷ ಸುತ್ತಿಟ್ಟರೆ ನೆನೆದು ಬರುತ್ತದೆ. ಹಲಸಿನ ಮೇಣಕ್ಕೆ ನೀರು ತಾಗುವುದೇ ಇಲ್ಲ. ಹತ್ತಿಯಲ್ಲಿ ಎರಡು ಹನಿ ಕೊಬ್ಬರಿ ಎಣ್ಣೆ ತೆಗೆದುಕೊಂಡು ಆ ಜಾಗವನ್ನಷ್ಟೇ ಉಜ್ಜಿ, ಮೇಣ ಬಿಟ್ಟ ಕೂಡಲೇ ಸೋಪು ನೊರೆಯಿಂದ ಎಣ್ಣೆಯನ್ನೂ ತೆಗೆದುಬಿಡಿ. ಅಡಿಕೆ ಚೊಗರು ಕಪ್ಪು ಸ್ಟೀರಿಂಗ್‌ನಲ್ಲಿ ಕಾಣುವುದಿಲ್ಲ. ತಿಳಿ ಬಣ್ಣದ ಚರ್ಮಕ್ಕೆ ಇಳಿದಿದ್ದರೆ ಪೂರ್ತಿ ಹೋಗುವುದಿಲ್ಲ, ಹಟ ಹಿಡಿದು ತಿಕ್ಕಿದರೆ ಬಣ್ಣವೇ ಕೀಳುತ್ತದೆ.

ಬೂಷ್ಟನ್ನು ಮಾತ್ರ ಸೋಪಿಗೆ ಮೊದಲೇ ತೆಗೆಯಬೇಕು. ಒಣಬಟ್ಟೆಯಿಂದ ಕೊಡವಿದರೆ ಅದರ ಪುಡಿ ಸೀಟಿಗೆಲ್ಲ ಹರಡುತ್ತದೆ. ಮಾಸ್ಕ್ ಹಾಕಿ, ಬಾಗಿಲೆಲ್ಲ ತೆರೆದು, ಮೊಬೈಲ್ ರಿಪೇರಿಯವರು ಬಳಸುವ ಐಸೊಪ್ರೊಪೈಲ್ ಆಲ್ಕೋಹಾಲ್‌ಗೆ ಅಷ್ಟೇ ನೀರು ಬೆರೆಸಿ, ಬಟ್ಟೆ ತೇವ ಮಾಡಿ ಒರೆಸಿ. ಪ್ರತಿ ಸಲ ಬಟ್ಟೆಯ ಹೊಸ ಮಗ್ಗುಲು ತಿರುಗಿಸಿ. ಹತ್ತಿರ ಬೆಂಕಿ ಬೇಡ. ಇದು ಬೂಷ್ಟು ಬಂದಾಗ ಮಾಡುವ ಕೆಲಸ, ದಿನಾ ಮಾಡಿದರೆ ಲೇಪ ಒಣಗಿ ಬಿರುಕು ಬಿಡುತ್ತದೆ. ಬ್ಲೀಚ್, ವಿನೆಗರ್, ಪಾತ್ರೆ ತಿಕ್ಕುವ ನಾರು, ಬಿಳಿ ಮ್ಯಾಜಿಕ್ ಸ್ಪಂಜು ಯಾವುದೂ ಬೇಡ. ಆ ಸ್ಪಂಜು ಮೆತ್ತಗಿದ್ದರೂ ನಯವಾದ ಉಪ್ಪುಕಾಗದದ ಹಾಗೆ ಲೇಪವನ್ನು ತೇಯುತ್ತದೆ.

ಕೊನೆಗೆ ಡ್ಯಾಶ್‌ಬೋರ್ಡ್ ಪಾಲಿಶ್ ಹಚ್ಚುವವರಿದ್ದಾರೆ. ದಯವಿಟ್ಟು ಹಚ್ಚಬೇಡಿ. ಸಿಲಿಕೋನ್ ಇರುವ ಹೊಳಪು ಸ್ಟೀರಿಂಗನ್ನು ಜಾರಿಸುತ್ತದೆ, ಮಳೆಯಲ್ಲಿ ಶಿರಾಡಿ ಇಳಿಯುವಾಗ ಒದ್ದೆ ಕೈಗೆ ಹಿಡಿತ ಸಿಗದಿದ್ದರೆ ಗತಿ ಏನು? ಚರ್ಮ ತೀರಾ ಒಣಗಿದೆ ಅನಿಸಿದರೆ ನೀರು ಆಧಾರಿತ ಲೆದರ್ ಕಂಡೀಶನರ್ ಹುಣಸೆ ಬೀಜದಷ್ಟು ಸಾಕು. ಬಟ್ಟೆಗೆ ಹಾಕಿ ಸವರಿ, ಹತ್ತು ನಿಮಿಷ ಬಿಟ್ಟು, ಕೈಗೆ ಏನೂ ಹತ್ತದಷ್ಟು ಒರೆಸಿ ತೆಗೆಯಿರಿ.

ಬೂಷ್ಟು ಮರುಕಳಿಸುವುದು ಹೆಚ್ಚಾಗಿ ಕಾಲಡಿಯ ತೇವದಿಂದ. ಒದ್ದೆ ಕೊಡೆ, ರೇನ್‌ಕೋಟು ಕಾರಲ್ಲಿ ಬಿಡಬೇಡಿ. ರಾತ್ರಿ ಮ್ಯಾಟ್ ತೆಗೆದು ಮನೆಯೊಳಗೆ ಒಣಗಿಸಿ, ಮ್ಯಾಟಿನ ಕೆಳಗೆ ಪೇಪರ್ ಹಾಸಿ ಅದನ್ನು ದಿನಾ ಬದಲಿಸಿ. ಚಳಿ ಇದ್ದರೂ ಎಸಿ ಹಾಕಿ, ತಾಪಮಾನ ಏರಿಸಿಕೊಂಡು ಓಡಿಸಿ; ಎಸಿ ಒಳಗಿನ ಗಾಳಿಯ ತೇವ ಹಿಂಡುತ್ತದೆ. ಸೋಪಿನ ಪೂರ್ತಿ ಕೆಲಸ ಮೇ ಕೊನೆಯಲ್ಲೊಮ್ಮೆ, ಮಳೆ ನಿಂತ ಮೇಲೊಮ್ಮೆ ಮಾಡಿ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ವಾರಕ್ಕೊಂದು ಸಲ ಬರೀ ಒದ್ದೆ ಬಟ್ಟೆ ಸಾಕು, ಜೊತೆಗೇ ಗೇರ್ ನಾಬ್, ಹ್ಯಾಂಡ್‌ಬ್ರೇಕ್ ಹಿಡಿಯನ್ನೂ ಒರೆಸಿಬಿಡಿ.